ಅಳಿಯನ ಕ್ಲಿಪ್ಪು, ರೋಹುವಿನ ತಲೆ

“ಜಾಮಾಯಿ ಷಷ್ಠಿಯ ಊಟಕ್ಕೆ ನಿಮ್ಮಮ್ಮ ಏನೇ ಬಡಿಸಲಿ, ಗಟ್ಟಿ ಪದಾರ್ಥಕ್ಕೆಲ್ಲ ಈ ಬಾಯಿ ಬಂದ್!” ಎಂದು ನೀಲಾದ್ರಿ ಬಂಗಾಳದ ಶ್ರೀರಾಮಪುರದ ಅತ್ತೆಮನೆಗೆ ಹೊರಟ ಲೋಕಲ್ ರೈಲಿನಲ್ಲೇ ಘೋಷಿಸಿದ. ಅತ್ತೆ ಅಳಿಯನನ್ನು ಕರೆದು ಉಣಬಡಿಸಿ ಉಪಚರಿಸುವ ಹಬ್ಬ ಅದು.

ಹೆಂಡತಿ ಪಾರಮಿತಾ ಅವನ ಉಬ್ಬಿದ ಜೇಬು ನೋಡಿದಳು. ಹಲ್ಲಿನ ಕ್ಲಿಪ್ಪಿನ ಸಂದಿಗೆ ತೂರಿಸುವ ಪುಟ್ಟ ಬ್ರಷ್ಷು, ತಂತಿ ಚುಚ್ಚದಂತೆ ಮೆತ್ತುವ ಮೇಣ, ಒಂದು ಕನ್ನಡಿ. ದಂಡೆತ್ತಿ ಹೊರಟ ಸೇನಾಪತಿಯೂ ಇಷ್ಟು ಸಜ್ಜಾಗಿರಲಾರ!

“ಮೀನಿನ ತಲೆ ಬರಲಿ, ಆಮೇಲೆ ನೋಡೋಣ” ಎಂದಳು.

ನಲವತ್ತರ ಹೊಸ್ತಿಲಲ್ಲಿ ನಿಂತ ಗಂಡಸು ಶಾಲೆ ಮಕ್ಕಳ ಸಾಲಿನಲ್ಲಿ ಕೂತು ಕ್ಲಿಪ್ಪು ಹಾಕಿಸಿಕೊಂಡಿದ್ದು ಸುಮ್ಮನೆ ಅಲ್ಲ. ಒಂದರ ಮೇಲೊಂದು ಏರಿದ್ದ ಹಲ್ಲುಗಳ ನಾಚಿಕೆಗೆ ಅವನು ಮದುವೆಯ ಫೋಟೋದಲ್ಲೂ ತುಟಿ ಬಿಚ್ಚಿರಲಿಲ್ಲ. ನಾಲ್ಕು ಜನರ ಮುಂದೆ ಒಮ್ಮೆ ಬಾಯ್ತುಂಬ ನಗಬೇಕು, ಅಷ್ಟೇ ಅವನ ಆಸೆ. ಮುಂದಿನ ವಾರ ಕ್ಲಿಪ್ಪು ಬಿಚ್ಚುವುದಿತ್ತು. “ಗಟ್ಟಿಯಾದ್ದು ಕಚ್ಚಿ ಕಿತ್ತುಕೊಂಡರೆ ಮತ್ತೆ ತಿಂಗಳುಗಟ್ಟಲೆ ಎಳೆಯುತ್ತೆ” ಎಂದು ಡಾಕ್ಟರಮ್ಮ ಹೆದರಿಸಿದ್ದರು.

ಅತ್ತೆ ಹೇಮಪ್ರಭಾ ಅಳಿಯನ ಹಣೆಗೆ ಮೊಸರಿನ ಬೊಟ್ಟಿಟ್ಟು, ಕೈಗೆ ಹಳದಿ ದಾರ ಕಟ್ಟಿ, ತಾಳೆಗರಿಯ ಬೀಸಣಿಗೆ ಬೀಸುತ್ತ ಕೂತರು. ಮಾವನೂ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಕಂಚಿನ ತಟ್ಟೆ ಬಂತು. ಅದರ ನಡುವೆ ಅಳಿಯನ ಮರ್ಯಾದೆಗೆಂದೇ ಬಡಿಸುವ ರೋಹು ಮೀನಿನ ಇಡೀ ತಲೆ, ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿತ್ತು!

“ಮಾ, ನನ್ನ ಹಲ್ಲು...”

“ಗೊತ್ತಪ್ಪಾ, ಪಾರೂ ಹೇಳಿದ್ಲು. ಬೇಡ ಅಂದ್ರೆ ಬಿಡಿ.” ಬೀಸಣಿಗೆ ನಿಂತಿತು. “ನನ್ನ ಅಡುಗೆ ನಿಮಗೆ ಮೊದಲಿಂದ್ಲೂ ಅಷ್ಟಕ್ಕಷ್ಟೇ. ತಟ್ಟೆ ಮುಂದೆ ಕೂತು ಒಂದು ದಿನಾನಾದ್ರೂ ನಕ್ಕಿದ್ದೀರಾ?”

ಇಷ್ಟು ವರ್ಷ ನೀಲಾದ್ರಿ ಮುಚ್ಚಿಟ್ಟಿದ್ದು ಹಲ್ಲನ್ನು. ಅತ್ತೆ ಅದನ್ನು ತಾತ್ಸಾರ ಎಂದುಕೊಂಡು ಒಳಗೊಳಗೇ ನೊಂದಿದ್ದರು. ಪಾಪ ಎನಿಸಿತು ಅವನಿಗೆ, ತನ್ನ ಮೇಲೆ ಸಿಟ್ಟೂ ಬಂತು. ಈಗ ಈ ತಲೆಯನ್ನು ಬೇಡ ಎಂದರೆ ಹೆಣ್ಣು ಕೊಟ್ಟ ಮನೆಯನ್ನೇ ಬೇಡ ಎಂದ ಹಾಗೆ. ಎತ್ತಿದವನೇ ಕಚ್ಚಿಬಿಟ್ಟ!

ಕಟಕ್!

ಪಕ್ಕದ ಬೇಳೆಸಾರಿನ ಬಟ್ಟಲಿಗೆ ಏನೋ ಟಣ್ಣೆಂದು ಬಿತ್ತು. ತಂತಿ ತುಟಿ ದಾಟಿ ಹೊರಗೆ ಬಂತು. ಅದರ ತುದಿಗೊಂದು ಮೀನಿನ ಮುಳ್ಳು.

“ಅಮ್ಮಾ, ಗಾಳ ಯಾರ ಬಾಯಿಗೆ ಬಿದ್ದಿದೆ ನೋಡು!” ಎಂದು ಪಾರಮಿತಾ ಕಿರುಚಿದಳು.

ಹೇಮಪ್ರಭಾ ಅಳಿಯನ ಗದ್ದ ಹಿಡಿದರು. “ಬಾಯಿ ತೆಗೀರಿ. ಇನ್ನೂ. ಪೂರ್ತಿ!”

ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ. “ಹಲ್ಲು ಸೊಟ್ಟಗಿತ್ತು ಮಾ. ನಾಚಿಕೆಗೆ ನಗ್ತಿರಲಿಲ್ಲ. ಅಡುಗೆ ಯಾವತ್ತೂ ಚೆನ್ನಾಗೇ ಇತ್ತು.”

“ಇಷ್ಟಕ್ಕಾ? ನಿನ್ನ ಮುಖ ನೋಡಿಕೊಂಡು ಒಂಬತ್ತು ವರ್ಷ ಉಪ್ಪು ಹೆಚ್ಚು ಕಡಿಮೆ ಮಾಡ್ತಾ ಬಂದೆನಲ್ಲೋ!”

ಅಳಿಯಂದಿರು ಎನ್ನುತ್ತಿದ್ದವರು ‘ಲೋ’ ಅಂದುಬಿಟ್ಟರು! ನೀಲಾದ್ರಿಗೆ ನಗು ತಡೆಯಲಾಗಲಿಲ್ಲ. ತಂತಿ, ಮುಳ್ಳು ಎಲ್ಲ ಕಾಣುವಂತೆ ಬಾಯ್ತುಂಬ ನಕ್ಕ. ಡಾಕ್ಟರಮ್ಮ ಹೇಳಿದ್ದ ‘ತಿಂಗಳುಗಟ್ಟಲೆ’ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದ.

ಪಕ್ಕದಲ್ಲಿ ಉಣ್ಣುತ್ತಿದ್ದ ಮಾವ ಕೈ ಚಾಚಿ ಆ ತಲೆಯನ್ನು ತಮ್ಮ ತಟ್ಟೆಗೆ ಹಾಕಿಕೊಂಡರು. ಸುರ್ ಸುರ್ ಎಂದು ಹೀರಿ, ಚಪ್ಪರಿಸಿ, ತೊಳೆದಿಟ್ಟಂಥ ಮೂಳೆ ಮಾತ್ರ ಉಳಿಸಿದರು. ಆಮೇಲೆ ಅಳಿಯನ ಕಡೆ ತಿರುಗಿದರು.

“ಇದಕ್ಕೆಲ್ಲ ಹಲ್ಲು ಯಾಕಪ್ಪಾ?” ಎಂದವರೇ ಬರೀ ಒಸಡು ಬಿಟ್ಟುಕೊಂಡು, ಸೂರು ಹಾರಿಹೋಗುವ ಹಾಗೆ ನಕ್ಕರು.