ಅನಸೂಯಮ್ಮನ ಹೆಬ್ಬೆಟ್ಟು, ನನ್ನ ಎರಡು ಸಾಲು

ನಮ್ಮ ಕಸುಬಿನವರಿಗೆ ಒಂದು ದೊಡ್ಡ ಅನುಕೂಲವಿದೆ. ಅಡುಗೆಯವನು ಉಪ್ಪು ಹೆಚ್ಚು ಹಾಕಿದರೆ ಉಂಡವರು ಬೈಯುತ್ತಾರೆ. ಟೇಲರ್ ತೋಳು ಗಿಡ್ಡ ಮಾಡಿದರೆ ತೊಟ್ಟವನು ಜಗಳಕ್ಕೆ ಬರುತ್ತಾನೆ. ಕಂಪ್ಯೂಟರಿನವನು ಮಾತ್ರ ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ 'ನೆಟ್ ಇಲ್ಲ' ಎಂದರೆ ಸಾಕು, ಬೈಯಲು ಬಂದವರೇ 'ಪಾಪ, ಅವರಾದರೂ ಏನು ಮಾಡ್ಯಾರು' ಎಂದು ಚಹಾ ಕುಡಿಸಿ ಹೋಗುತ್ತಾರೆ. ಇಪ್ಪತ್ತು ವರ್ಷ ಹೀಗೆ ಬದುಕಿದವನಿಗೆ ಅದು ಮನೆಯಲ್ಲೂ ಅಂಟಿಕೊಳ್ಳುತ್ತದೆ. "ನಿಮ್ಮ ಕೈಯಾಗಿಂದು ಗಲಾಸು ಬಿದ್ದು ಒಡದ್ರೂ, ನೆಲಾನ ಗಟ್ಟಿ ಐತಿ ಅಂತೀರಿ ನೋಡ್ರಿ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ನಮ್ಮ ಮನೆಯ ನೆಲ ಶಹಾಬಾದ್ ಕಲ್ಲಿನದು, ನಿಜವಾಗಿಯೂ ಗಟ್ಟಿ. ಆದರೆ ಆಕೆ ಹೇಳುತ್ತಿರುವುದು ಅದಲ್ಲ ಎಂದು ನನಗೆ ಅರ್ಥವಾಗುತ್ತದೆ.

ಇಂಥ ನನ್ನ ಕೈಗೆ ಒಂದು ದಿನ ಒಬ್ಬ ಹೆಂಗಸಿನ ಹೆಬ್ಬೆಟ್ಟು ಸಿಕ್ಕಿತು. ತಪ್ಪು ನನ್ನದು, ಹೊರೆ ಆ ಹೆಬ್ಬೆಟ್ಟಿನ ಮೇಲೆ ಹೊರಿಸಿದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಯಾರಿಗಾದರೂ ಹೇಳಿಬಿಟ್ಟರೆ ಸ್ವಲ್ಪ ಕಡಿಮೆಯಾದೀತು ಎಂಬ ಸ್ವಾರ್ಥದಿಂದಲೇ ನಿಮಗೆ ಹೇಳುತ್ತಿದ್ದೇನೆ.

ನಾರಾಯಣಪೇಟೆಯ ಒಂದು ಸೀರೆ ವ್ಯಾಪಾರದ ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಮೊದಲು ಕೆಲವು ವರ್ಷ ಹೈದರಾಬಾದಿನಲ್ಲಿದ್ದೆ. ಅಲ್ಲಿ ನನಗಿಂತ ಬುದ್ಧಿವಂತರು ವಿಪರೀತ ಇದ್ದರು. ಇಲ್ಲಿ ಕಡಿಮೆ ಇರಬಹುದೆಂದು ಅಂದಾಜು ಮಾಡಿ ಊರಿಗೆ ಬಂದೆ. ಅಂದಾಜು ತಪ್ಪಿತು, ಅದಿರಲಿ. ನಮ್ಮ ಸಂಸ್ಥೆಗೆ ನಾರಾಯಣಪೇಟೆಯಲ್ಲಿ ಅಂಗಡಿ ಮತ್ತು ಸೀರೆ ಪರೀಕ್ಷೆ ಮಾಡುವ ಹಾಲ್ ಇದೆ, ಗದ್ವಾಲದಲ್ಲಿ ನೇಕಾರರಿಂದ ಸೀರೆ ಕೊಳ್ಳುವ ಕೇಂದ್ರವಿದೆ, ಮಕ್ತಲದಲ್ಲಿ ಪ್ಯಾಕಿಂಗ್ ಗೋದಾಮು ಇದೆ. ಮೂರೂ ಊರಿನ ಕೆಲಸಗಾರರ ಹೆಸರು, ಹೆಬ್ಬೆಟ್ಟಿನ ಗುರುತು ಎಲ್ಲವೂ ಡೈರೆಕ್ಟರಿ ಸರ್ವರ್ ಎಂಬ ಒಂದೇ ಕಡೆ ಇರುತ್ತವೆ. ಊರಿಗೊಂದು ಖಾನೆ ಇರುವ ಕಪಾಟು ಎಂದುಕೊಳ್ಳಿ. ಬೆಳಿಗ್ಗೆ ಬಾಗಿಲಿನ ಮಷೀನಿನ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ಆ ಊರಿನ ಖಾನೆಯಲ್ಲಿ ಹುಡುಕುತ್ತದೆ. ಸಿಕ್ಕರೆ ಹಸಿರು ದೀಪ, ಸಿಗದಿದ್ದರೆ ಕೆಂಪು.

ಯಾರಿಗಾದರೂ ವರ್ಗವಾದರೆ ಹಳೆಯ ಊರಿನ ಖಾನೆಯಿಂದ ಹೆಸರು ತೆಗೆಯಬೇಕು, ಹೊಸ ಊರಿನ ಖಾನೆಗೆ ಹಾಕಬೇಕು. ಅದಕ್ಕೆ ಜಾವಾದಲ್ಲಿ ನಾನು ಎರಡು ಸಾಲು ಬರೆದಿದ್ದೆ. ಒಂದು ತೆಗೆಯುವ ಸಾಲು, ಒಂದು ಹಾಕುವ ಸಾಲು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, 'ಆದರೆ ಎರಡೂ ಆಗಲಿ, ಇಲ್ಲವಾದರೆ ಒಂದೂ ಬೇಡ' ಎಂದು ಸರ್ವರಿಗೆ ಹೇಳುವ ಪದ್ಧತಿ ಇದೆ. ಅದಕ್ಕೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ನನಗದು ಗೊತ್ತಿರಲಿಲ್ಲ ಎಂದು ಹೇಳುವಂತಿದ್ದರೆ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಗೊತ್ತಿತ್ತು. ಆದರೆ ಬರೆಯಲು ಇನ್ನೂ ಇಪ್ಪತ್ತು ಸಾಲು ಬೇಕಿತ್ತು, ಹೊಟ್ಟೆ ಹಸಿದಿತ್ತು, ಡಬ್ಬಿಯಲ್ಲಿ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯ ಕಾಯುತ್ತಿದ್ದವು. ತೆಗೆಯುವುದಕ್ಕೂ ಹಾಕುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ, ಅಷ್ಟರಲ್ಲಿ ಯಾವ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡೆ. ಇನ್ನೊಂದು ಘನಕಾರ್ಯವನ್ನೂ ಮಾಡಿದ್ದೆ. ಜಾವಾದಲ್ಲಿ ಏನಾದರೂ ಎಡವಟ್ಟಾದರೆ ಹಿಡಿಯಲು 'ಕ್ಯಾಚ್' ಎಂಬ ಏರ್ಪಾಡಿದೆ. ಹಿಡಿ ಎಂದು ಬರೆದಿದ್ದೆ, ಹಿಡಿದ ಮೇಲೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಊಟವಾದ ಮೇಲೆ ಬರೆಯೋಣವೆಂದು ಬಿಟ್ಟಿದ್ದೆ. ಊಟವಾದ ಮೇಲೆ ನಿದ್ದೆ ಬಂತು.

ಅನಸೂಯಮ್ಮ ಗದ್ವಾಲದ ನೇಕಾರರ ಮನೆಯವರು, ನಮ್ಮ ಗದ್ವಾಲದ ಕೇಂದ್ರದಲ್ಲಿ ಸೀರೆಗಳ ಕುಂದು ಹಿಡಿಯುವ ಕೆಲಸದಲ್ಲಿದ್ದರು. ಸೀರೆಯನ್ನು ಮೇಜಿನ ಮೇಲೆ ಹರಡಿ, ಪಕ್ಕದವರ ಜೊತೆ ಮಾತಾಡುತ್ತಲೇ ಅಂಚಿನುದ್ದಕ್ಕೂ ಹೆಬ್ಬೆಟ್ಟು ಓಡಿಸಿ ತಟ್ಟನೆ ನಿಲ್ಲಿಸುತ್ತಿದ್ದರು. ಅಲ್ಲಿ ಒಂದು ಎಳೆ ತಪ್ಪಿರುತ್ತಿತ್ತು. ನಾನು ಕನ್ನಡಕ ಏರಿಸಿ ಮೂಗು ತಾಗುವಷ್ಟು ಬಗ್ಗಿ ನೋಡಿದರೂ ಕಾಣದ ಎಳೆ. ಉಟ್ಕೂರಿಗೆ ಕೊಟ್ಟ ಅವರ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನ ಮಾಡುತ್ತ ಉಟ್ಕೂರಿನಲ್ಲಿದ್ದು, ಅಲ್ಲಿಂದ ದಿನಾ ಆಟೋದಲ್ಲಿ ಬಂದು ಹೋಗುತ್ತೇನೆ, ನಾರಾಯಣಪೇಟೆಗೆ ವರ್ಗ ಮಾಡಿಕೊಡಿ ಎಂದು ಕೇಳಿದರು. ಸಂಸ್ಥೆಯ ಯಜಮಾನರು, ನಾವೆಲ್ಲ ಸಾಹುಕಾರರು ಎನ್ನುವವರು, ಒಪ್ಪಿದರು. ಗದ್ವಾಲದ ಕಂಪ್ಯೂಟರಿನಿಂದ ಈ ವರ್ಗ ಮಾಡುವ ಗಳಿಗೆಯಲ್ಲೇ ಮಕ್ತಲದ ಹತ್ತಿರ ನೀರಿನ ಪೈಪಿಗೆ ನೆಲ ಅಗೆಯುವವರು ನೆಟ್ಟಿನ ಕೇಬಲ್ಲನ್ನೂ ಅಗೆದರು. ನನ್ನ ಮೊದಲ ಸಾಲು ನಾರಾಯಣಪೇಟೆಯ ಸರ್ವರಿಗೆ ಮುಟ್ಟಿತ್ತು, ಎರಡನೆಯದು ಮುಟ್ಟಲಿಲ್ಲ. ಗದ್ವಾಲದ ಖಾನೆಯಿಂದ ಹೋದ ಅನಸೂಯಮ್ಮನ ಹೆಸರು ನಾರಾಯಣಪೇಟೆಯ ಖಾನೆಗೆ ಬರಲೇ ಇಲ್ಲ. ಕ್ಯಾಚ್ ಆ ಸುದ್ದಿಯನ್ನು ಹಿಡಿದುಕೊಂಡು ಬಾಯಿ ಮುಚ್ಚಿ ಕೂತಿತು. ಇದೆಲ್ಲ ನನಗೆ ತಿಳಿದದ್ದು ಐದು ದಿನದ ಮೇಲೆ.

ಮೊದಲ ದಿನ ಆಕೆ ಬಂದು ಹೆಬ್ಬೆಟ್ಟಿಟ್ಟರೆ ಕೆಂಪು ದೀಪ. ಮತ್ತೆ ಇಟ್ಟರೂ ಕೆಂಪು. ನನ್ನನ್ನು ಕರೆಸಿದರು. ಖಾನೆಯಲ್ಲಿ ಹೆಸರಿದೆಯೇ ಎಂದು ನೋಡಲು ಎರಡು ನಿಮಿಷ ಸಾಕಿತ್ತು. ನಾನು ಖಾನೆ ನೋಡಲಿಲ್ಲ, ಆಕೆಯ ಬೆರಳು ನೋಡಿದೆ. ನೇಕಾರರ ಮನೆಯ ಬೆರಳು, ಇನ್ನೇನು ಬೇಕು?

"ಬೆರಳಿನ ಗೆರಿ ಸವದಾವ್ರೀ ಅಮ್ಮ. ನೂಲು ತಿಕ್ಕಿ ತಿಕ್ಕಿ ಹಿಂಗ ಆಗತೈತಿ" ಎಂದೆ, ಹತ್ತು ಊರಿನ ಬೆರಳು ಕಂಡ ವೈದ್ಯನಂತೆ.

"ಗದ್ವಾಲದಾಗ ದಿನಾ ಹಿಡೀತಿತ್ತಲ್ರೀ ಸರ್?"

"ಅಲ್ಲಿದು ಹಳೇ ಮಷೀನ್ರಿ. ಇದು ಹೊಸಾದು, ಭಾಳ ಸೂಕ್ಷ್ಮ ಐತಿ."

ಎರಡೂ ಊರಿನ ಮಷೀನು ಒಂದೇ ದಿನ ಒಂದೇ ಡಬ್ಬದಲ್ಲಿ ಬಂದಿದ್ದವು. ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನಾನೇ ನಂಬಿದೆ. ಅನಸೂಯಮ್ಮ ತಮ್ಮ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಸಣ್ಣಾಕಿ ಇದ್ದಾಗಿಂದ ನೂಲು ಹಿಡದೀನ್ರಿ. ಸವದಿರಬೇಕು ಬಿಡ್ರಿ" ಎಂದರು. ಅಷ್ಟಕ್ಕೇ ಬಿಡದೆ ನಾನು ಔಷಧವನ್ನೂ ಹೇಳಿದೆ. ದಿನಾ ಕೊಬ್ಬರಿ ಎಣ್ಣೆ ಹಚ್ಚಬೇಕು, ಆ ಬೆರಳನ್ನು ತಿಕ್ಕುವ ಕೆಲಸಕ್ಕೆ ಹಾಕಬಾರದು. ಅಲ್ಲಿಯವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಲಿ ಎಂದು ಸಾಹುಕಾರರಿಗೆ ಶಿಫಾರಸು ಮಾಡಿ ದೊಡ್ಡ ಮನುಷ್ಯನೂ ಆದೆ.

ನಾಲ್ಕನೆಯ ದಿನ ಆಕೆ ಹೆಬ್ಬೆಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಬಂದರು. ಮಷೀನಿನ ಮುಂದೆ ನಿಂತು ಬಟ್ಟೆ ಬಿಚ್ಚಿ, ಎಣ್ಣೆ ಒರೆಸಿ, ಊದಿ, ಮೆಲ್ಲಗೆ ಇಟ್ಟರು. ಕೆಂಪು. "ನೀವು ಹೇಳಿದಂಗ ಮಾಡಾಕತ್ತೀನ್ರಿ ಸರ್. ಅಡಿಗಿ ಎಡಗೈಲೆ ಮಾಡತೀನಿ. ಭಾಂಡೆ ಮಗಳು ತಿಕ್ಕತಾಳ. ಕೂಸಿಗೆ ಎಣ್ಣಿ ತಿಕ್ಕಿ ಎರಿಯೂದೂ ಬಿಟ್ಟೀನ್ರಿ, ಬೆರಳು ಇನ್ನಷ್ಟು ಸವದೀತಂತ" ಎಂದರು. ಮೊಮ್ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಲೆಂದೇ ಗದ್ವಾಲ ಬಿಟ್ಟು ಬಂದ ಅಜ್ಜಿ ನನ್ನ ಮಾತು ಕೇಳಿ ಅದನ್ನೇ ಬಿಟ್ಟಿದ್ದರು, ಹಸಿ ಬಾಣಂತಿ ಪಾತ್ರೆ ತೊಳೆಯುತ್ತಿದ್ದಳು. ಆಗಲಾದರೂ ನನಗೆ ಏನಾದರೂ ಅನ್ನಿಸಬೇಕಿತ್ತು. "ಛಲೋ ಮಾಡೀರಿ, ಹಂಗ ಮಾಡ್ರಿ" ಎಂದೆ.

ಐದನೆಯ ದಿನ, ಬಟ್ಟೆ ಸುತ್ತಿದ ಬೆರಳಿನ ಮಾತು ಸಾಹುಕಾರರ ಕಿವಿಗೆ ಬಿತ್ತು. ಅವರು ಕೆಟ್ಟವರಲ್ಲ, ಆದರೆ ವ್ಯಾಪಾರಿ. "ಗೆರಿ ಸವದು ಮಷೀನಿಗೇ ಗೊತ್ತಾಗವಲ್ದಂದ್ರ, ಆ ಬೆರಳಿಗೆ ಸೀರಿ ಕುಂದು ಹೆಂಗ ಗೊತ್ತಾಗಬೇಕ್ರಿ? ಮಕ್ತಲದಾಗ ಡಬ್ಬಿ ಕಟ್ಟಾಕ ಹಾಕೂಣು. ನಾಳೆ ವರ್ಗ ಮಾಡಿಬಿಡ್ರಿ" ಎಂದರು. ಹುಟ್ಟಿದಾಗಿನಿಂದ ಸೀರೆಯಲ್ಲೇ ಬೆಳೆದ ಹೆಂಗಸಿಗೆ ಇನ್ನು ಸೀರೆ ಮುಟ್ಟುವ ಕೆಲಸವಿಲ್ಲ, ರಟ್ಟಿನ ಡಬ್ಬಿಗೆ ಟೇಪು ಹಚ್ಚುವ ಕೆಲಸ. ಆದರೂ ನಾಳೆಯ ಕೆಲಸಕ್ಕೆ ತಯಾರಾಗೋಣವೆಂದು ನಾರಾಯಣಪೇಟೆಯ ಖಾನೆ ತೆರೆದೆ. ಅನಸೂಯಮ್ಮ ಇರಲಿಲ್ಲ. ಗದ್ವಾಲದ್ದು ನೋಡಿದೆ. ಅಲ್ಲೂ ಇರಲಿಲ್ಲ. ನನ್ನ ಎರಡು ಸಾಲನ್ನು ಓದಿದೆ. ಖಾಲಿ ಕ್ಯಾಚನ್ನು ಓದಿದೆ. ಐದು ದಿನದಿಂದ ಮಷೀನು ಖರೇ ಹೇಳುತ್ತಿತ್ತು. ಆ ಕಟ್ಟಡದಲ್ಲಿ ಸುಳ್ಳು ಹೇಳುತ್ತಿದ್ದವನು ನಾನೊಬ್ಬನೇ.

ಆ ಮಧ್ಯಾಹ್ನ ಡಬ್ಬಿ ಮುಟ್ಟದೆ ಟ್ರಾನ್ಸಾಕ್ಷನ್ ಬರೆದೆ. ಮೊದಲು ಸರ್ವರಿನಿಂದ ಒಂದು ಗುರುತಿನ ಸಂಖ್ಯೆ ಕೇಳಿ ಪಡೆಯಬೇಕು. ತೆಗೆಯುವ ಕೋರಿಕೆಗೂ ಹಾಕುವ ಕೋರಿಕೆಗೂ ಅದೇ ಸಂಖ್ಯೆ ಅಂಟಿಸಿ ಕಳಿಸಬೇಕು. ಸರ್ವರ್ ಎರಡನ್ನೂ ಇಸಿದುಕೊಂಡು ಸುಮ್ಮನೆ ಕಾಯುತ್ತದೆ. ಕೊನೆಗೆ 'ಮಾಡು' ಎಂದರೆ ಎರಡನ್ನೂ ಒಟ್ಟಿಗೆ ಮಾಡುತ್ತದೆ, 'ಬೇಡ' ಎಂದರೆ ಎರಡನ್ನೂ ಬಿಡುತ್ತದೆ. ಕ್ಯಾಚಿನೊಳಗೂ ಬರೆದೆ. ಹಳೆಯ ನಕಲಿನಿಂದ ಅನಸೂಯಮ್ಮನ ಹೆಸರು, ಹೆಬ್ಬೆಟ್ಟು ಎಲ್ಲ ತಂದು ನಾರಾಯಣಪೇಟೆಯ ಖಾನೆಗೆ ಹಾಕಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಹೆಸರು ಸರಿಮಾಡಿದ್ದು ಅರ್ಧ, ಬೆರಳಿನ ಮೇಲೆ ಹೊರಿಸಿದ ಅಪವಾದ ತೆಗೆಯುವುದು ಇನ್ನರ್ಧ. ಎರಡನ್ನೂ ಒಟ್ಟಿಗೆ ಮಾಡಬೇಕೆಂದು ಸರ್ವರಿಗೆ ಕಲಿಸಿದ ನಾನು ಮಾತ್ರ ಒಂದನ್ನೇ ಮಾಡಿ ಮನೆಗೆ ಹೋದೆ.

ಮರುದಿನ ಹಸಿರು ದೀಪ ಹತ್ತಿತು. ಅನಸೂಯಮ್ಮನ ಕಣ್ಣಲ್ಲಿ ನೀರು. "ನಿಮ್ಮ ಎಣ್ಣಿ ಹತ್ತಿತ್ರೀ ಸರ್" ಎಂದು ನನಗೆ ಕೈಮುಗಿದರು. ಮುಗಿಸಿಕೊಂಡೆ. ಸಾಹುಕಾರರು ಮಾತ್ರ ಜಗ್ಗಲಿಲ್ಲ. ಐದು ದಿನ ಎಣ್ಣೆ ಕುಡಿದು ಎದ್ದ ಬೆರಳನ್ನು ನಂಬಲಾಗದು, ವರ್ಗ ಆಗಲೇಬೇಕು ಎಂದು ನನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಸೀರೆ ನೋಡುವ ಹೆಂಗಸರೆಲ್ಲ ಸುತ್ತ ನಿಂತರು. ಅನಸೂಯಮ್ಮ ಊಟದ ಚೀಲ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ನಾನು ಸಂಖ್ಯೆ ಪಡೆದೆ. ನಾರಾಯಣಪೇಟೆಯಿಂದ ತೆಗೆ ಎಂದೆ, ಸರ್ವರ್ ಆಗಲಿ ಎಂದಿತು. ಮಕ್ತಲಕ್ಕೆ ಹಾಕು ಎಂದೆ, ಆಗಲಿ ಎಂದಿತು. ಇನ್ನು ಕೊನೆಯ ಮಾತೊಂದೇ ಬಾಕಿ. ಮಾಡು ಎನ್ನಲು ಬೆರಳು ಬರಲಿಲ್ಲ, ಬೇಡ ಎನ್ನಲು ಧೈರ್ಯ ಬರಲಿಲ್ಲ. ಕನ್ನಡಕ ತೆಗೆದು ಒರೆಸಿದೆ. ನೀರು ಕುಡಿದೆ. ಮತ್ತೆ ಕನ್ನಡಕ ಒರೆಸಿದೆ. ಬಹಳ ಹೊತ್ತು ಉತ್ತರ ಬರದಿದ್ದರೆ ಸರ್ವರ್ ತಾನಾಗಿಯೇ ಗಂಟು ಬಿಚ್ಚಿ ಎಲ್ಲವನ್ನೂ ಕೈಬಿಡುತ್ತದೆ. ಹಾಗೇ ಮಾಡಿತು. ನನಗಿಂತ ಮೊದಲು ಅದಕ್ಕೆ ನಾಚಿಕೆಯಾಯಿತೆಂದು ಕಾಣುತ್ತದೆ.

"ಆತೇನ್ರಿ?" ಎಂದರು ಸಾಹುಕಾರರು.

"ಇಲ್ರಿ."

"ಯಾಕ? ನೆಟ್ ಇಲ್ಲೇನು?"

ನೋಡಿ, ದೇವರು ಕೊನೆಗಳಿಗೆಯಲ್ಲೂ ನನ್ನ ಕೈಗೆ ಹಳೆಯ ಊರುಗೋಲು ಕೊಟ್ಟಿದ್ದ. ಹೌದ್ರಿ ಎಂದಿದ್ದರೆ ಮುಗಿಯುತ್ತಿತ್ತು. ಬಾಗಿಲ ಕಡೆ ನೋಡಬಾರದಿತ್ತು, ನೋಡಿದೆ. ಆಕೆ ಮತ್ತೆ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. "ನೆಟ್ ಐತ್ರಿ. ಅಮ್ಮನ ಬೆರಳಿಗೆ ಏನೂ ಆಗಿಲ್ರಿ. ಅವರ ಹೆಸರು ನಾನು ಕಳದಿದ್ದೆ. ನೋಡದನ ತಪ್ಪು ಬೆರಳಿನ ಮ್ಯಾಲೆ ಹಾಕಿದೆ" ಎಂದೆ. ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಎದ್ದರು, "ಅಮ್ಮಾ, ನಿಮ್ಮ ಮೇಜಿಗೆ ಹೋಗ್ರಿ" ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ಅನಸೂಯಮ್ಮ ನನ್ನ ಹತ್ತಿರ ಬಂದರು. ಬೈಗುಳಕ್ಕೆ ತಲೆ ಬಗ್ಗಿಸಿ ಕೂತೆ. ಆಕೆ ಮೆಲ್ಲಗೆ ಕೇಳಿದರು: "ಅಂದ್ರ, ಕೂಸಿಗೆ ಎಣ್ಣಿ ತಿಕ್ಕಬೌದಿತ್ತೇನ್ರೀ ಸರ್?"

"ಹೂಂ ರೀ" ಎಂದೆ. ಆಕೆ "ಪರವಾಲೇದು ಸಾರ್", ಪರವಾಗಿಲ್ಲ ಎಂದು ತೆಲುಗಿನಲ್ಲಿ ಹೇಳಿ ಮೇಜಿಗೆ ಹೋದರು. ಆ ದಿನ ಆಕೆ ಹಿಡಿದ ಕುಂದುಗಳು ಉಳಿದವರೆಲ್ಲ ಸೇರಿ ಹಿಡಿದದ್ದಕ್ಕಿಂತ ಹೆಚ್ಚು.

ಇದರಿಂದ ನಾನು ತಿದ್ದಿಕೊಂಡೆ ಎಂದು ಬರೆದು ಮುಗಿಸುವ ಆಸೆ ಇತ್ತು. ಹೋದ ವಾರ ಬೆಳಿಗ್ಗೆ ನನ್ನದೇ ಹೆಬ್ಬೆಟ್ಟಿಗೆ ಕೆಂಪು ದೀಪ ಹತ್ತಿತು. ನನ್ನ ಬೆರಳಿನಲ್ಲಿ ದೋಷವಿರಬಹುದೆಂದು ಕನಸಿನಲ್ಲೂ ಹೊಳೆಯಲಿಲ್ಲ. ಮಷೀನು ಕೆಟ್ಟಿದೆ ಎಂದೆ, ಮಕ್ತಲದಲ್ಲಿ ಮತ್ತೆ ಅಗೆದಿದ್ದಾರೆ ಎಂದೆ, ಕೊನೆಗೆ ಈ ದರಿದ್ರ ಪ್ರೋಗ್ರಾಂ ಬರೆದವನಾರು ಎಂದೂ ಕೂಗಿದೆ. ಹಿಂದೆ ನಿಂತಿದ್ದ ಅನಸೂಯಮ್ಮ ನನ್ನ ಕೈ ಹಿಡಿದು, ತಮ್ಮ ಹೆಬ್ಬೆಟ್ಟಿನಿಂದ ನನ್ನ ಹೆಬ್ಬೆಟ್ಟನ್ನು ಒಮ್ಮೆ ಸವರಿದರು. "ಮಂಡಕ್ಕಿ ಸುಸಲಾ ತಿಂದು ಬಂದೀರೇನ್ರಿ? ಎಣ್ಣಿ ಹಂಗ ಐತಿ" ಎಂದು ಸೆರಗಿನಿಂದ ಒರೆಸಿ, ಕೂಸಿನ ಕೈ ಹಿಡಿದಂತೆ ಹಿಡಿದು ತಾವೇ ಮಷೀನಿನ ಮೇಲೆ ಇಟ್ಟರು. ಹಸಿರು ದೀಪ ಹತ್ತಿ, ಒಳಗಿನಿಂದ ಹೆಂಗಸಿನ ದನಿಯಲ್ಲಿ ಮಷೀನು 'ಥ್ಯಾಂಕ್ಯೂ' ಎಂದಿತು. ಅದನ್ನು ಹೇಳಬೇಕಾಗಿದ್ದ ನಾನು ಅಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದೆ.