ಬೆಳ್ಳುಳ್ಳಿ ವಾಸನೆಯ ಎಣ್ಣೆ

ಮಕ್ಕಳೇ, ಯಾವುದನ್ನೂ ಆರಿಸುವ ಕೆಲಸ ಈ ಜನ್ಮದಲ್ಲಿ ನನ್ನ ಪಾಲಿಗೆ ಬಂದಿರಲಿಲ್ಲ. ಗಂಡನನ್ನು ಅಪ್ಪ ಆರಿಸಿದರು, ಸೀರೆಯನ್ನು ಅತ್ತೆ ಆರಿಸಿದರು, ದಿನದ ಪಲ್ಯವನ್ನು ತಿಥಿ ಆರಿಸುತ್ತಿತ್ತು. ನಮ್ಮ ಜೈನರ ಮನೆಗಳಲ್ಲಿ ಅಷ್ಟಮಿ, ಚತುರ್ದಶಿ ಬಂದರೆ ಹಸಿರು ಕಾಯಿಪಲ್ಯಕ್ಕೆ ರಜೆ. ತವರಿನ ಕನ್ನಡ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದಾಗಲೂ ಅಷ್ಟೇ. ಉತ್ತರ ಗೊತ್ತಿದ್ದರೂ ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಎದ್ದು ನಿಂತು ಶಾಬಾಸ್ ಅನ್ನಿಸಿಕೊಳ್ಳುತ್ತಿದ್ದಳು. ಇಂಥವಳಿಗೆ, ಅದೂ ಗಂಡ ಹೋದ ಮೇಲೆ, ದೇವರು ಆರಿಸಲು ಕೊಟ್ಟದ್ದಾದರೂ ಏನು? ಜೀಪಿನ ಹೊಟ್ಟೆಯ ಕೆಳಗಿರುವ ಪೆಟ್ಟಿಗೆಯೊಂದಕ್ಕೆ ಹಾಕುವ ಎಣ್ಣೆ.

ಸಾಂಗಲಿ, ಮಿರಜ ಎರಡೂ ಸೇರಿ ಒಂದೇ ಮಹಾನಗರಪಾಲಿಕೆಯಾದ ಕಾಲ ಅದು. ಆ ಗಾಳಿ ಸಮಡೋಳಿಯ ನಮ್ಮ ಮನೆಗೂ ಬೀಸಿತು. ನಿಮ್ಮ ಅಜ್ಜ ತೀರಿಕೊಂಡು ವರ್ಷವಾಗಿತ್ತು, ನಿಮ್ಮ ತಾಯಿ ಮದುವೆಯಾಗಿ ಹೋಗಿದ್ದಳು. ಅಣ್ಣತಮ್ಮಂದಿರ ನಡುವೆ ಹಿಂದೆ ಪಾಲಾಗಿದ್ದ ಹೊಲ, ಒಲೆಗಳನ್ನು ಮತ್ತೆ ಒಂದು ಮಾಡಬೇಕೆಂದು ನನ್ನ ಮೈದುನ, ನಿಮ್ಮ ಸಣ್ಣಜ್ಜ ಬಾಳಾಸಾಹೇಬರು ನಿಶ್ಚಯಿಸಿದರು. “ವೈನಿ, ಒಬ್ಬಾಕಿಗೆ ಯಾಕ ಬ್ಯಾರೆ ಒಲಿ? ನಮ್ಮ ಕಡೀನ ಬಂದಬಿಡ್ರಿ” ಅಂದರು. ಹೋದೆ. ಸೇರುವುದೆಂದರೆ ಕೂಡುವ ಲೆಕ್ಕವೆಂದು ನಾನು ತಿಳಿದಿದ್ದೆ; ಅದು ಕಳೆಯುವ ಲೆಕ್ಕ. ಎರಡು ರೊಟ್ಟಿ ಹಂಚುಗಳಲ್ಲಿ ಒಂದು ಅಟ್ಟ ಸೇರಿತು, ಅದು ನನ್ನದು. ಎರಡು ಒರಳುಗಳಲ್ಲಿ ಒಂದು ಕೊಟ್ಟಿಗೆಗೆ ಹೋಯಿತು, ಅದೂ ನನ್ನದು. ಕೊನೆಗೆ ಗಾಡಿಗಳ ಸರದಿ. ಅವರದು ಹೊಸ ಕಾರು, ನಮ್ಮದು ನರಿಯ ಹಾಗೆ ಊಳಿಡುವ ಹಳೆಯ ಜೀಪು. ಮಾಲಗಾಂವದ ದ್ರಾಕ್ಷಿ ತೋಟದವರೊಬ್ಬರು ಜೀಪನ್ನು ಕೇಳಿಯೂ ಇದ್ದರು. “ಆ ಊಳೋ ಜೀಪು ಯಾರಿಗೆ ಬೇಕಾಗೇತಿ? ಕೊಟ್ಟಬಿಡ್ರಿ” ಎಂದಳು ಬಾಳಾಸಾಹೇಬರ ಹೆಂಡತಿ, ನನ್ನ ನೆಗೆಣ್ಣಿ ಸುಶೀಲಾ.

ನಾನು ಬಾಗಿಲ ಮರೆಯಿಂದ “ಜೀಪು ಇರ್ಲಿ” ಅಂದೆ. ಬಾಳಾಸಾಹೇಬರು ಕೆಟ್ಟವರಲ್ಲ. “ಅದರ ಊಳೂದು ನಿಂತು, ಮಳಿಯಾಗ ಕಬ್ಬಿನ ಹೊಲಕ್ಕ ಹೋಗಿ ತಿರುಗಿ ಬಂತಂದ್ರ ಇಟ್ಕೊಳ್ಳೋಣು. ಇಲ್ಲಾಂದ್ರ ಮಾಲಗಾಂವ” ಎಂದು ತೀರ್ಪು ಕೊಟ್ಟರು.

ನಮ್ಮ ಎರೆಮಣ್ಣು ನಿಮಗೆ ಗೊತ್ತಲ್ಲ, ಮಳೆ ಬಿದ್ದರೆ ಸಾಲಗಾರನ ಹಾಗೆ ಕಾಲು ಹಿಡಿದುಕೊಳ್ಳುತ್ತದೆ. ನಾಲ್ಕೂ ಚಕ್ರ ಒಟ್ಟಿಗೆ ದುಡಿದರೆ ಮಾತ್ರ ಬಿಡುಗಡೆ. ಆ ನಾಲ್ಕಕ್ಕೂ ಬಲ ಹಂಚುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಅದು ಕೂಡುಮನೆಯ ಅತ್ತೆಯಿದ್ದ ಹಾಗೆ: ಮುಂದಿನವರಿಗೂ ಹಿಂದಿನವರಿಗೂ ತಪ್ಪದೆ ಬಡಿಸಬೇಕು, ಒಳಗೊಳಗೇ ಹಲ್ಲು ಕಡಿಯಬೇಕು. ನಮ್ಮದು ಊರಿಗೆಲ್ಲ ಕೇಳುವಂತೆ ಕಡಿಯುತ್ತಿತ್ತು. ಆದರೆ ಆ ಸದ್ದು ನನಗೆ ಬೇಕಾಗಿತ್ತು. ಹಿರಿಯರಿದ್ದ ಮನೆಯಲ್ಲಿ ಗಂಡನೊಡನೆ ಬಾಯಿಬಿಟ್ಟು ಮಾತಾಡುವುದುಂಟೆ? ಹೊಲಕ್ಕೆ ಹೊರಟಾಗ ಜೀಪು ಓಡಿಸುವವರು ಅವರು; ಅತ್ತೆಗೆ ಮುಂದೆ ಕೂರಲು ಹೆದರಿಕೆ, ಹಾಗಾಗಿ ಮುಂದಿನ ಜಾಗ ನನಗೆ. ಜೀಪು ಊಳಲು ಶುರುಮಾಡಿದರೆ ನಾವಿಬ್ಬರು ಆಡಿದ್ದು ಹಿಂದೆ ಕೂತವರಿಗೆ ಕೇಳುತ್ತಿರಲಿಲ್ಲ. ನನ್ನ ಸಂಸಾರದ ಮಾತೆಲ್ಲ ಆದದ್ದು ಆ ದಾರಿಯಲ್ಲೇ. ನಿಮ್ಮ ತಾಯಿ ಹೊಟ್ಟೆಯಲ್ಲಿದ್ದಾಳೆಂದು ಹೇಳಿದ್ದೂ ಅಲ್ಲೇ. “ಏನಂದಿ?” ಅಂದರು. ಇನ್ನೊಮ್ಮೆ ಕೂಗಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆಯೆಂದು ನನಗೂ ಆಗಲೇ ಗೊತ್ತಾದದ್ದು.

ಆ ಪೆಟ್ಟಿಗೆಯ ಎಣ್ಣೆ ಬದಲಿಸಿದರೆ ಊಳುವುದು ನಿಂತೀತೆಂದು ಬಾಳಾಸಾಹೇಬರು, ಸುಶೀಲಾ, ನಾನು ಮೂವರೂ ಮಿರಜದ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿಗೆ ಹೋದೆವು. ಮನೆಗೆ ಬರುವ ಯಾವುದನ್ನೂ ಸುಶೀಲಾ ಪರೀಕ್ಷಿಸದೆ ಬಿಡುವವಳಲ್ಲ. ಬಾಳಾಸಾಹೇಬರು ಜೀಪಿನಲ್ಲಿ ಸಿಕ್ಕ ಎಣ್ಣೆಯ ಹಳೆಯ ಡಬ್ಬಿ ತೋರಿಸಿದರು. “ಆ ಕಂಪನಿ ಮತ್ತೊಂದರಾಗ ಕೂಡಿ ಹೋತ್ರಿ, ಆ ಹೆಸರಿಂದು ಈಗ ಸಿಗಂಗಿಲ್ಲ” ಎಂದು ಮಿಸ್ತ್ರಿ ಬೇರೆ ಎರಡು ಡಬ್ಬಿ ತೆರೆದಿಟ್ಟ. “ಇದು ನೋಡ್ರಿ, ಜೇನು ಇದ್ದಂಗ ಐತಿ!” ಪಾಪ, ಜೇನನ್ನು ಮುಟ್ಟದ ಜೈನರ ಮುಂದೆ ಅದೆಂಥ ಹೊಗಳಿಕೆ! ಸುಶೀಲಾ ಬಗ್ಗಿ ಮೂಸಿ ಸೆರಗು ಮೂಗಿಗೆ ಹಿಡಿದಳು.

“ಬೆಳ್ಳುಳ್ಳಿ ನಾತ ಬರತೈತಲ್ಲೋ ಮಿಸ್ತ್ರಿ!”

“ಅದು ಗಂಧಕರಿ ಅಕ್ಕಾರ, ಗೇರಿನ ಹಲ್ಲು ಸವೀಬಾರದಂತ ಹಾಕಿರ್ತಾರ.”

“ಗಂಧಕಾನರ ಇರ್ಲಿ, ಏನರ ಇರ್ಲಿ. ನಮ್ಮ ಅಂಗಳಕ್ಕ ಬ್ಯಾಡ. ಆ ಕೆಂಪಂದು ಕೊಡು, ವಾಸನಿ ಇಲ್ಲ.”

“ಅದು ತೆಳ್ಳಗೈತ್ರಿ, ಹೊಸಾ ಗಾಡಿಗೋಳಿಗೆ.”

“ಹೊಸಾದಕ್ಕ ನಡಿಯೂದು ಹಳೇದಕ್ಕ ಯಾಕ ನಡಿಯಂಗಿಲ್ಲ?”

ಯಾವುದು ಸರಿ ಎಂದು ನನಗೆ ಗೊತ್ತಿತ್ತು. ನಿಮ್ಮ ಅಜ್ಜನ ಅಂಗಿ ಒಗೆದವಳು ನಾನಲ್ಲವೆ? ಜೀಪಿನ ಕೆಳಗೆ ಮಲಗಿ ಎದ್ದ ದಿನ ಅಂಗಿಗೆ ಅದೇ ವಾಸನೆ. ಮಗ ಮಿರಜದ ಹೋಟೆಲಿನಲ್ಲಿ ಬೆಳ್ಳುಳ್ಳಿ ತಿಂದು ಬಂದಿದ್ದಾನೆಂದು ಅತ್ತೆ ಒಮ್ಮೆ ಅವರಿಗೆ ಉಪವಾಸ ಹಾಕಿಸಿದ್ದರು. ಅವರು ನಗುತ್ತಲೇ ಮಾಡಿದರು. ಇದನ್ನೆಲ್ಲ ನಾನು ಗ್ಯಾರೇಜಿನಲ್ಲಿ ನನ್ನ ಸೆರಗಿಗೆ ಹೇಳಿದೆ. ಸೆರಗು ಎದ್ದು ನಿಂತು ಯಾರಿಗೂ ಹೇಳಲಿಲ್ಲ.

ಕೆಂಪು ಎಣ್ಣೆಯೇ ಜೀಪಿನೊಳಗೆ ಹೋಯಿತು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸುಶೀಲಾ ಚೀರಿದಳು: “ಅಯ್ಯಯ್ಯೋ, ಗಾಡಿ ಯಾವ ಜೀವಾ ತುಳೀತೋ!” ಜೀಪಿನ ಕೆಳಗೆಲ್ಲ ಕೆಂಪು ಹನಿ. ಸತ್ತ ಬೆಕ್ಕಿಗಾಗಿ ಕಟ್ಟಿಗೆ ರಾಶಿಯನ್ನೆಲ್ಲ ಕೆದಕಿದಳು, ಬಾಯಲ್ಲಿ ಣಮೋಕಾರ ಮಂತ್ರ. ಹಳೆಯ ಜೀಪು ತೆಳ್ಳನೆಯ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳಲಾರದೆ ಸೋರಿಸಿಬಿಟ್ಟಿತ್ತು. ಬಾಳಾಸಾಹೇಬರು ಚಾಲೂ ಮಾಡಿ ನೋಡಿದರೆ ಊಳುವುದಂತೂ ಇಮ್ಮಡಿಯಾಗಿತ್ತು.

“ಆತು ವೈನಿ, ಮಾಲಗಾಂವದವ್ರಿಗೆ ಬರಾಕ ಹೇಳ್ತೇನಿ” ಎಂದರು ಬಾಳಾಸಾಹೇಬರು. ಜೀಪು ಚಾಲೂ ಆಗಿಯೇ ಇತ್ತು, ಊಳುತ್ತಲೇ ಇತ್ತು. ಅದೇ ಧೈರ್ಯವೋ ಏನೋ, ನಾನು ಅಂಗಳಕ್ಕೆ ಬಂದು ಕೂಗಿದೆ: “ಬೆಳ್ಳುಳ್ಳಿ ವಾಸನೀದು ಹಾಕಸ್ರಿ! ನಿಮ್ಮಣ್ಣ ಅದನ್ನ ಹಾಕಿಸ್ತಿದ್ರು!” ಆ ಮನೆಯಲ್ಲಿ ಆ ಪದಾರ್ಥದ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಎತ್ತಿರಲಿಲ್ಲ. ಸುಶೀಲಾಳ ಮಂತ್ರವೂ ನಿಂತಿತು.

ಮತ್ತೆ ಮಿರಜ. ಮಿಸ್ತ್ರಿ ಕೆಂಪನ್ನು ಇಳಿಸಿ, ಜೇನು ಬಣ್ಣದ್ದನ್ನು ಎಣ್ಣೆ ಹಾಕುವ ತೂತಿನ ಅಂಚಿಗೆ ಬರುವವರೆಗೆ ತುಂಬಿದ. “ಈಗ ಊಳಂಗಿಲ್ಲ ನೋಡ್ರಿ. ಅಣ್ಣಾರು ಇಂಥಾದನ್ನ ಅರ್ಧಾನ ಹಾಕಿಸ್ತಿದ್ರು. ಪೂರ್ತಿ ತುಂಬತೇನಿ ಅಂದ್ರ ಬ್ಯಾಡ ಅಂತಿದ್ರು. ‘ಊಳ್ಲಿ ಬಿಡೋ ದಸ್ತಗೀರ, ಅದು ಊಳಿದ್ರ ನಮ್ಮನಿಯಾಕಿ ಮಾತಾಡ್ತಾಳ’ ಅಂತ!”

ಬಾಳಾಸಾಹೇಬರು ಬೇರೆ ಕಡೆ ನೋಡಿದರು. ನನಗೆ ಆ ಪೆಟ್ಟಿಗೆಯೊಳಗೇ ಇಳಿದುಬಿಡೋಣ ಅನ್ನಿಸಿತು. ಅಷ್ಟು ವರ್ಷ ಸದ್ದು ತಾನಾಗಿಯೇ ಇದೆ ಎಂದು ನಾನು ನಂಬಿದ್ದೆ.

ಮಳೆ ಬಿದ್ದ ಮೇಲೆ ಹೊಲಕ್ಕೆ ಹೋದೆವು. ಕೆಸರಿನಲ್ಲಿ ಜೀಪು ಒಂದು ಸಲವೂ ನಿಲ್ಲಲಿಲ್ಲ, ಒಂದು ಸಲವೂ ಊಳಲಿಲ್ಲ. ಹಿಂದೆ ಕೂತ ಸುಶೀಲಾಳ ಬಳೆಗಳ ಸದ್ದೂ ಕೇಳುತ್ತಿತ್ತು. “ಗೆದ್ರಿ ವೈನಿ! ಇನ್ನ ಇದು ಎಲ್ಲಿಗೂ ಹೋಗಂಗಿಲ್ಲ. ಏನರ ಮಾತಾಡ್ರಿ!” ಎಂದರು ಬಾಳಾಸಾಹೇಬರು. ಹೇಳುವುದು ಬೇಕಾದಷ್ಟಿತ್ತು, ಕೇಳಬೇಕಾದವರು ಇರಲಿಲ್ಲ, ಬೇಡದವರಿಗೆಲ್ಲ ಕೇಳುವಂತಿತ್ತು. ಸೆರಗೆಳೆದುಕೊಂಡು “ಏನಿಲ್ಲ” ಅಂದೆ.

ಹುಟ್ಟಿ ಒಂದೇ ಒಂದು ಸಲ ಆರಿಸಿದೆ, ಸರಿಯಾದದ್ದನ್ನೇ ಆರಿಸಿದೆ. ಅದರ ಫಲವಾಗಿ ಜೀಪೂ ಈಗ ನನ್ನ ಹಾಗೆಯೇ ಆಗಿದೆ: ಮನೆಯಲ್ಲೇ ಇದೆ, ಸದ್ದಿಲ್ಲ.