ಬಲ್ಬು ಹತ್ತದ ಮನೆಗಳು

ಮಾಗಡಿ ಸುತ್ತಮುತ್ತ ವೈರಿಂಗ್ ಮಾಡೋನು ನಾನು. ಕರೆಂಟಿಂದ ನನಗೇನೂ ತೊಂದರೆಯಿಲ್ಲ, ತಲೆ ತಿನ್ನೋದೆಲ್ಲ ಕೆಲಸಕ್ಕೆ ಹೋದ ಮನೆಯೋರೇ. ಇಂಥದ್ದು ಆಗ್ತಾನೇ ಇರುತ್ತೆ.

ಮದುವೆ ಮನೆ

ಕೂಟಗಲ್‌ನಲ್ಲಿ ಚಪ್ಪರಕ್ಕೆ ಬಣ್ಣದ ಬಲ್ಬಿನ ಸೀರಿಯಲ್ ಸೆಟ್ ಬಿಟ್ಟಿದ್ದೆ. ಗಂಡಿನ ಕಡೆಯೋರು ಬರೋ ಹೊತ್ತಿಗೆ ಒಂದು ಸಾಲು ಪೂರ್ತಿ ಆರಿಹೋಯ್ತು. ಅದರಲ್ಲಿ ಕರೆಂಟು ಒಂದು ಬಲ್ಬಿನ ಒಳಗಿಂದಲೇ ಇನ್ನೊಂದಕ್ಕೆ ಹೋಗಬೇಕು. ನಡುವೆ ಒಂದು ಕಿತ್ತರೆ ದಾರಿಯೇ ಇಲ್ಲ. ಎಲ್ಲರಿಗಿಂತ ಜೋರಾಗಿ ಬೈತಿದ್ದ ಹಿರಿಯರ ಜೇಬಲ್ಲೇ ಕೆಂಪು ಬಲ್ಬು ಇಣುಕ್ತಿತ್ತು.

"ಇದೇನ್ ಯಜಮಾನ್ರೇ?"

"ಮೊಮ್ಮಗಳಿಗೆ ಅಂತ ಒಂದೇ ಒಂದು ತಗಂಡೆ ಕಣಯ್ಯ. ಮಿಕ್ಕವೆಲ್ಲ ಅಲ್ಲೇ ಅವಲ್ಲ, ಅವಕ್ಕೇನ್ ಬಂತು ರೋಗ?"

ಹುಳದ ಮನೆ

ತಿಪ್ಪಸಂದ್ರದ ಕಡೆ ಒಬ್ಬ ರೈತರು ರೇಷ್ಮೆ ಹುಳದ ಮನೆಗೆ ಬೆಳಕು ಜಾಸ್ತಿ ಬರಲಿ ಅಂತ ಮಿಕ್ಕ ದೀಪಗಳನ್ನೆಲ್ಲ ಆರಿಸಿ ಕೂತಿದ್ದರು. "ತೋಟದಲ್ಲಿ ಆ ಕಡೆ ವಾಲ್ ಮುಚ್ಚಿದ್ರೆ ಈ ಕಡೆ ನೀರು ಜೋರಾಗಲ್ವಾ?"

"ಅಣ್ಣ, ಮನೇಲಿ ಒಂದೊಂದು ಬಲ್ಬಿಗೂ ಬೇರೆ ಬೇರೆ ದಾರಿ. ಒಂದು ಆರಿಸಿದ್ರೆ ಇನ್ನೊಂದು ಜಾಸ್ತಿ ಉರಿಯಲ್ಲ."

"ಅದೆಂಗ್ ಉರಿಯಲ್ಲ? ಬಾ ಇಲ್ಲಿ!" ಸುತ್ತ ಕಗ್ಗತ್ತಲು, ನಡುವೆ ಒಂದೇ ಬಲ್ಬು. ನಿಜ ಹೇಳ್ತೀನಿ, ಝಗ್ ಅಂತಿತ್ತು.

ಕತ್ತಲೊಳಗಿಂದ ಅವರ ಹೆಂಡತಿ ಅಂದರು, "ದಿನಾ ಹಿಂಗೇ ಗೆಲ್ತಾರೆ ಕಣಣ್ಣ."

ಪಾಲಾದ ಮನೆ

ಇನ್ನೊಂದು ಮನೇಲಿ ಅಣ್ಣತಮ್ಮಂದಿರು ಪಾಲಾಗಿ, ನಡುವೆ ಗೋಡೆ ಎಬ್ಬಿಸಿ, ಮಾತು ಬಿಟ್ಟಿದ್ದರು. ತಮ್ಮ ನನ್ನನ್ನೂ ಕರೀದೆ ತಾನೇ ಜಗಲಿಗೆ ವೈರ್ ಎಳೆದಿದ್ದ. ಎಳೆದೋನು ಅಣ್ಣನ ಬಲ್ಬಿನ ವೈರು ಕತ್ತರಿಸಿ, ನಡುವೆ ತನ್ನ ಬಲ್ಬು, ಸ್ವಿಚ್ಚು ಸೇರಿಸಿಬಿಟ್ಟಿದ್ದ. ಎರಡೂ ಮಂಕು. ಒಬ್ಬ ಸ್ವಿಚ್ ಆರಿಸಿದರೆ ಇಬ್ಬರಿಗೂ ಕತ್ತಲು.

ಅಣ್ಣ ನನ್ನನ್ನು ಕರೆಸಿದ. ನಾನು ಸ್ಟೂಲ್ ಹತ್ತಿದ್ದೇ ತಡ, ಅವರವ್ವ ಬಂದು ಕಾಲು ಹಿಡ್ಕೊಂಡು ಪಿಸುಗುಟ್ಟಿದಳು, "ಸರಿ ಮಾಡ್ಬ್ಯಾಡ ಕಣಪ್ಪ. ಮಾತೇ ಬಿಟ್ಟಿದ್ದೋರು, ಇದು ಕೆಟ್ಟ ಮ್ಯಾಲೆ ಸಂಜೆಯಾದ್ರೆ 'ಸ್ವಿಚ್ ಹಾಕ್ಲಾ' ಅಂತ ಕೂಗ್ತಾವ್ರೆ. ಅದೂ ನಿಂತೋದ್ರೆ ನಾನೇನ್ ಮಾಡ್ಲಿ?"

ನನಗೆ ಅಯ್ಯೋ ಅನ್ನಿಸ್ತು. ಕೆಳಗಿಳಿದೆ.

"ಆಯ್ತೇನ್ಲಾ?" ಅಂದ ಅಣ್ಣ.

"ಇದು ಸರಿ ಮಾಡಕ್ಕಾಗಲ್ಲಣ್ಣ. ಇನ್ಮೇಲೆ ಇಬ್ರೂ ಸ್ವಿಚ್ ಹಾಕ್ಲೇಬೇಕು," ಅಂತ ಸುಳ್ಳು ಬಿಟ್ಟೆ.

ಗೋಡೆ ಆಚೆಯಿಂದ ತಮ್ಮ ಕೂಗಿದ, "ನಾನಾಗ್ಲೇ ಹಾಕಿವ್ನಿ! ಮೊದ್ಲು ಅವ್ನಿಗೇಳು!"

"ಅವ್ನಿಗೇಳು ಅಂತೀಯೇನ್ಲಾ? ನಾನೇನ್ ಸತ್ತೋಗಿವ್ನಾ? ನಂಗೇ ಹೇಳ್ಲಾ!"

"ಹೇಳ್ತೀನಿ, ನಂಗೇನ್ ಭಯನಾ? ಹಾಕಣ್ಣ ಸ್ವಿಚ್ಚು!"

ಅವ್ವ ಸೆರಗಲ್ಲಿ ಬಾಯಿ ಮುಚ್ಕೊಂಡು ನಗ್ತಾ ನನ್ನ ತಿವಿದಳು. "ನೋಡ್ದಾ, ಇವತ್ತು ಅಣ್ಣ ಅಂದ್ಬುಟ್ಟ. ಬಲ್ಬು ಇನ್ನೊಸಿ ಮಂಕು ಮಾಡಿ ಹೋಗಪ್ಪ."